ಫ್ಲೆಕ್ಸ್ ಫೋಟೊ

“ಮ್ಯಾಲ ಹೋಗೂ ಮೊದಲ ಒಂದು ಚಲೋ ಫೋಟೊ ತೆಗೆಸಿಡು, ತಮ್ಮಾ.”

ನಮ್ಮ ಕಂಪನಿಗೆ ಹೊಸದಾಗಿ ಬಂದ ಕನ್ನಡದ ಹುಡುಗರಿಗೆ ಹಳಬರು ಹೇಳುತ್ತಿದ್ದ ಮೊದಲ ಮಾತು ಇದು. ಯಾಕೆ ಎಂದು ಆ ಹುಡುಗ ಕೇಳಿಯೇ ಕೇಳುತ್ತಿದ್ದ. “ಇಲ್ಲಂದ್ರ ಊರಾಗ ಫ್ಲೆಕ್ಸಿಗಿ ನಿನ್ನ ವೋಟರ್ ಕಾರ್ಡಿನ ಫೋಟೊ ಹಾಕ್ತಾರ. ಅದರಾಗ ನೀ ವೀರಯೋಧ ಕಾಣೂದಿಲ್ಲ, ಪೊಲೀಸರು ಹುಡುಕೂ ಮಂದಿಯಂಗ ಕಾಣ್ತಿ.” ಬಂಕರಿನೊಳಗೆ ನಗೆ ಏಳುತ್ತಿತ್ತು. ಹುಡುಗನೂ ನಗುತ್ತಿದ್ದ, ಆದರೆ ಸ್ವಲ್ಪ ತಡವಾಗಿ. ಆ ತಡವನ್ನು ನಾವೆಲ್ಲ ಗಮನಿಸುತ್ತಿದ್ದೆವು. ಮುಂದೊಂದು ದಿನ ಅದೇ ಮಾತಿಗೆ ಅವನು ತನ್ನದೂ ಒಂದು ಸೇರಿಸಿದ ಎಂದರೆ, ಇವನು ಈ ಚಳಿಗಾಲ ದಾಟುತ್ತಾನೆ ಎಂಬ ಧೈರ್ಯ ನಮಗೆ ಬರುತ್ತಿತ್ತು.

ನಾನು ಸಿಂದಗಿ ತಾಲೂಕಿನವನು. ಸೇವೆ ಮುಗಿಸಿ ಬಂದ ಮೇಲೆ ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿದ್ದೇನೆ. ಈಗ ಹೊಸ ತಾಲೂಕುಗಳು ಬಹಳ ಆಗಿವೆ. ನಾವು ಭರ್ತಿಯಾದ ಕಾಲಕ್ಕೆ ಬಿಜಾಪುರ ಜಿಲ್ಲೆಯಿಂದ ಬಂದವನೆಂದರೆ ಶಹರದವನು, ಇಲ್ಲವೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯವನು. ಪಲ್ಟನ್ನಿನಲ್ಲಿ ಒಬ್ಬರನ್ನೊಬ್ಬರು ಕರೆಯುತ್ತಿದ್ದುದೂ ಹಾಗೆಯೇ: “ಏ ಇಂಡಿ, ಚಾ ತಗೊಂಬಾ”, “ಮುದ್ದೇಬಿಹಾಳ ಎಲ್ಲಿ ಸತ್ತಾನ ನೋಡ್ರಿ, ಡ್ಯೂಟಿ ಟೈಮ್ ಆತು.” ಜಿಲ್ಲಾ ಕೇಂದ್ರದಲ್ಲಿ 1963ರಿಂದ ಸೈನಿಕ ಶಾಲೆಯಿದೆ. ಅಲ್ಲಿ ಕಲಿತವರಲ್ಲಿ ಎನ್‌ಡಿಎ ಪರೀಕ್ಷೆ ಪಾಸಾಗಿ ಅಧಿಕಾರಿಗಳಾದವರು ಬಹಳ ಮಂದಿ. ನಮ್ಮ ದಾರಿ ಬೇರೆ. ತೊಗರಿ ಹೊಲದ ಬದುವಿನ ಮೇಲೆ, ಕಾಲುವೆ ದಂಡೆಯ ಮೇಲೆ ನಸುಕಿನಲ್ಲಿ ಓಡಿ ಓಡಿ ಭರ್ತಿ ಮೈದಾನಕ್ಕೆ ಹೋದವರು ನಾವು. ಇವತ್ತಿಗೂ ಆಲಮಟ್ಟಿ ಕಾಲುವೆಯ ಪಕ್ಕ ಹುಡುಗರು ಓಡುವುದನ್ನು ನೋಡುತ್ತೇನೆ. ಪೂರ್ತಿ ಅಂಕ ಬೇಕೆಂದರೆ 1600 ಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, ಬೀಮಿಗೆ ಜೋತು 10 ಸಲ ಮೇಲೇಳಬೇಕು. 2022ರಲ್ಲಿ ಅಗ್ನಿಪಥ ಬಂದ ಮೇಲೆ ನಾಲ್ಕು ವರ್ಷದ ನೌಕರಿ, ಕೊನೆಗೆ ಉಳಿಯುವುದು ನಾಲ್ವರಲ್ಲಿ ಒಬ್ಬ. ಆದರೂ ಓಡುತ್ತಾರೆ. ಮಳೆಯನ್ನೇ ನಂಬಿದ ಎರಿ ಹೊಲದ ಮನೆಗಳಲ್ಲಿ ತಿಂಗಳ ಪಗಾರಕ್ಕೆ ಎಷ್ಟು ಬೆಲೆ ಎಂಬುದನ್ನು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತರಬೇತಿ ಮುಗಿಸಿ ಕಾಶ್ಮೀರದ ಎತ್ತರದ ಪೋಸ್ಟಿಗೆ ಹೋದಾಗ ನಾನು ಮೊದಲು ಕಲಿತದ್ದು ಈ ನಗುವನ್ನು. ಇಂಡಿಯವನೊಬ್ಬ ಛುಟ್ಟಿಯಿಂದ ಬರುವಾಗ ಮನೆ ತೋಟದ ನಿಂಬೆಕಾಯಿ ಒಂದು ಚೀಲ ತಂದಿದ್ದ. ಇಂಡಿಯ ನಿಂಬೆಯ ಹೆಸರು ಊರೂರಿಗೆ ಗೊತ್ತು, ನಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಅಲ್ಲೇ. ಪೋಸ್ಟಿಗೆ ಬಂದ ಎರಡನೇ ರಾತ್ರಿಗೇ ಅವು ಕಲ್ಲಾದವು. ಚಾಕು ಹಾಯಲಿಲ್ಲ. ಒಬ್ಬ ಒಂದನ್ನು ಕೈಯಲ್ಲಿ ಹಿಡಿದು, ಪಿನ್ ಕಿತ್ತಂತೆ ಮಾಡಿ, ಬಂಕರಿನ ಬಾಗಿಲಾಚೆ ಎಸೆದು ಕುಕ್ಕರಗಾಲಲ್ಲಿ ಕೂತ. “ಇಂಡಿಯವ್ರು ಮದ್ದುಗುಂಡು ಮನಿಂದಾನ ತರ್ತಾರ, ಸರಕಾರಕ್ಕ ಖರ್ಚಿಲ್ಲ.” ಆಮೇಲೆ ಅವನ್ನು ಬುಖಾರಿ ಒಲೆಯ ಮೇಲಿಟ್ಟು ಕರಗಿಸಿ ದಾಲಿಗೆ ಹಿಂಡಿಕೊಂಡೆವು. ಸೀಮೆಎಣ್ಣೆಯ ಹೊಗೆ ವಾಸನೆಯ ನಿಂಬೆರಸ. ಅಷ್ಟು ರುಚಿಯ ದಾಲು ನಾನು ಮತ್ತೆ ಉಂಡಿಲ್ಲ.

ಇದು ಹಗುರ ನಗು. ಭಾರದ ನಗುವೂ ಇತ್ತು. ಹಿಮದಲ್ಲಿ ಕಾಲು ಕೊಳೆತು ಆಸ್ಪತ್ರೆ ಸೇರಿ, ಎರಡು ಬೆರಳು ಕಳೆದುಕೊಂಡು ಮರಳಿದವನನ್ನು ಯಾರೋ ಕೇಳಿದರು, “ಬೆರಳ ಎಲ್ಲಿ ಬಿಟ್ಟ್ಯೋ?” ಅವನು ಬೂಟಿನ ದಾರ ಬಿಗಿಯುತ್ತ ಹೇಳಿದ, “ಗಡಿ ಕಾಯಾಕ ಬಿಟ್ಟ ಬಂದೀನಿ.” ಬಾಗೇವಾಡಿ ಕಡೆಯ ಇನ್ನೊಬ್ಬನಿದ್ದ. ಪ್ರತಿ ತಿಂಗಳ ಪಗಾರದಲ್ಲಿ ವಿಮೆಗೆ ಹಿಡಿಯುವ ದುಡ್ಡಿನ ಲೆಕ್ಕ ಅವನಿಗೆ ಬಾಯಿಪಾಠ. “ಪಗಾರ ಎಣಿಸಿದ್ರ ಸಾಲ ತೀರೂದಿಲ್ಲ. ಇನ್ಸೂರೆನ್ಸ್ ಎಣಿಸಿದ್ರ ಸಾಲಾನೂ ತೀರ್ತದ, ಹೊಲದಾಗ ಬೋರೂ ಆಗ್ತದ. ತ್ರಾಸ ಏನಂದ್ರ, ನೀರ ಬಿದ್ದದ್ದ ನೋಡಾಕ ನಾ ಇರೂದಿಲ್ಲ.” ಅವನ ಹೊಲದಲ್ಲಿ ಅಷ್ಟರೊಳಗೆ ಕೊರೆಸಿದ ಬೋರುಗಳು ಬತ್ತಿದ್ದವೆಂದು, ಅವನ ಅಪ್ಪ ಬಡ್ಡಿ ಕಟ್ಟುತ್ತಿದ್ದನೆಂದು ನಮಗೆಲ್ಲ ಗೊತ್ತಿತ್ತು. ಹಾಗಾಗಿಯೇ ಅದು ನಗುವ ಮಾತಾಯಿತು. ಹಿನ್ನೆಲೆ ಗೊತ್ತಿಲ್ಲದವನಿಗೆ ಅದು ದುಡ್ಡಿನ ಆಸೆಯ ಮಾತು, ಇಲ್ಲವೇ ಸಾಯಲು ಹೊರಟವನ ಮಾತು.

ಈ ನಗುವಿಗೂ ಕಟ್ಟುಪಾಡು ಇತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಮೀರಿದವನು ಆ ರಾತ್ರಿ ಒಬ್ಬನೇ ಉಣ್ಣಬೇಕಾಗುತ್ತಿತ್ತು. ಸಾಯಬಹುದಾದವನ ಬಗ್ಗೆ ನಗಬಹುದು, ಸತ್ತವನ ಬಗ್ಗೆ ಅಲ್ಲ. ಅವನ ಜೊತೆಗೆ ಕಾವಲು ನಿಂತವರು ಮಾತ್ರ, ಅದೂ ಬಹಳ ದಿನ ಕಳೆದ ಮೇಲೆ, ಅವನು ಆಡಿದ ಮಾತನ್ನು ಅವನದೇ ದನಿಯಲ್ಲಿ ಮತ್ತೆ ಆಡಬಹುದಿತ್ತು. ಮನೆಯಿಂದ ಕೆಟ್ಟ ಸುದ್ದಿ ಬಂದವನ ಮುಂದೆ ನಗೆ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಆ ಮಾತು ಛುಟ್ಟಿಗೆ ಬರುವಂತಿರಲಿಲ್ಲ. ಊರಿನ ಬಸ್ ಸ್ಟ್ಯಾಂಡಿನಲ್ಲಿ ಕರಿ ಬಕ್ಸಾ ಇಳಿಸುವ ಹೊತ್ತಿಗೆ ನಾವು ಬೇರೆ ಮನುಷ್ಯರಾಗಿರುತ್ತಿದ್ದೆವು. “ಥಂಡಿ ಭಾಳ ಐತೇನೋ ಯಪ್ಪಾ?” ಎಂದು ಅವ್ವ ಕೇಳಿದರೆ, “ಇಲ್ಲಬೇ, ನಮ್ಮ ಸಂಕ್ರಾಂತಿಯಾಗ ಇರ್ತದಲ್ಲ, ಅಷ್ಟ.” ಆ ಸುಳ್ಳನ್ನು ನಮ್ಮ ಸೇವೆಯ ಭಾಗವೆಂದೇ ನಾನು ತಿಳಿದಿದ್ದೆ, ಈಗಲೂ ತಿಳಿದಿದ್ದೇನೆ.

ನಮಗಿಂತ ಹಿಂದಿನವರೂ ಹೀಗೇ ಇದ್ದರು. ಮೊದಲ ಮಹಾಯುದ್ಧದಲ್ಲಿ ಹಿಂದೂಸ್ತಾನದ ಸಿಪಾಯಿಗಳು ಫ್ರಾನ್ಸಿನ ಕಂದಕಗಳಿಂದ ಬರೆದ ಕಾಗದಗಳನ್ನು ಸೆನ್ಸಾರ್ ಕಚೇರಿಯವರು ಒಡೆದು ಓದುತ್ತಿದ್ದರು. ಓದುತ್ತಾರೆಂದು ಸಿಪಾಯಿಗಳಿಗೂ ಗೊತ್ತಿತ್ತು. ಅದಕ್ಕೆ ಅವರು ತಮ್ಮನ್ನು ಕರಿಮೆಣಸು ಎಂದೂ ಬಿಳಿಯ ಸೈನಿಕರನ್ನು ಕೆಂಪು ಮೆಣಸು ಎಂದೂ ಕರೆದುಕೊಂಡು, ಕರಿಮೆಣಸಿನ ದಾಸ್ತಾನು ತೀರುತ್ತ ಬಂದಿದೆ ಎಂಬ ಅರ್ಥದಲ್ಲಿ ಊರಿಗೆ ಬರೆಯುತ್ತಿದ್ದರು. ತಮ್ಮದೇ ಸಾವಿನ ಲೆಕ್ಕವನ್ನು ಕಿರಾಣಿ ಅಂಗಡಿಯ ಲೆಕ್ಕವಾಗಿಸಿ ಬರೆಯುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕು! ಸೆನ್ಸಾರಿನವರಿಗೆ ಅದರ ಗುಟ್ಟು ತಿಳಿಯದೆ ಉಳಿಯಲಿಲ್ಲ. ಅವರು ಕೆಲವನ್ನು ನಕಲು ಮಾಡಿ ಇಟ್ಟುಕೊಂಡರು, ಇವತ್ತು ನಮಗೆ ಅವು ಸಿಗುವುದು ಆ ನಕಲಿನಿಂದಲೇ. ಅದೇ ಕಾಲಕ್ಕೆ, 1916ರಲ್ಲಿ, ಬೆಲ್ಜಿಯಮ್ಮಿನ ಈಪ್ರೆ ಪಟ್ಟಣದ ಹಾಳುಬಿದ್ದ ಮನೆಗಳ ನಡುವೆ ಬ್ರಿಟಿಷ್ ಸೈನಿಕರಿಗೆ ಒಂದು ಅಚ್ಚುಯಂತ್ರ ಸಿಕ್ಕಿತು. ಅದರಲ್ಲಿ ಅವರು ‘ವೈಪರ್ಸ್ ಟೈಮ್ಸ್’ ಎಂಬ ಪತ್ರಿಕೆ ಹೊರಡಿಸಿ, ಶೆಲ್ಲು, ವಿಷಾನಿಲ, ಕೆಸರು ಎಲ್ಲವನ್ನೂ ಜಾಹೀರಾತಿನ ಧಾಟಿಯಲ್ಲಿ ಗೇಲಿ ಮಾಡಿದರು. ಓದಿದವರೂ ಅದೇ ಕೆಸರಿನಲ್ಲಿ ನಿಂತವರು.

ನಮ್ಮ ಕಾಲದಲ್ಲೂ ಊರಿಗೆ ಹೋಗುತ್ತಿದ್ದುದು 56 ಎಪಿಒ ಎಂಬ ವಿಳಾಸದಿಂದ ಹೊರಟ ಇನ್‌ಲ್ಯಾಂಡ್ ಕಾಗದ. ಹಿಮ ಬಿದ್ದು ದಾರಿ ಮುಚ್ಚಿದರೆ ವಾರಗಟ್ಟಲೆ ಕಾಗದವೂ ಇಲ್ಲ. ಬರೆದ ಮಾತು ಕೆಳಗಿಳಿಯುವಷ್ಟರಲ್ಲಿ ಬರೆದವನ ಮನಸ್ಸು ತಣ್ಣಗಾಗಿರುತ್ತಿತ್ತು. ಹೋದರೂ ಒಂದು ಮನೆಗೆ ಹೋಗುತ್ತಿತ್ತು, ಒಬ್ಬರ ಕೈ ಸೇರುತ್ತಿತ್ತು. ಮೊಬೈಲು ಬಂದು ಅದಷ್ಟನ್ನೂ ಅಳಿಸಿತು.

ಸುದ್ದಿಯ ವೇಗ ನನ್ನನ್ನು ಮೊದಲ ಸಲ ಹೆದರಿಸಿದ್ದು 2016ರ ಫೆಬ್ರುವರಿಯಲ್ಲಿ. ಸಿಯಾಚಿನ್ನಿನ ಸೋನಮ್ ಪೋಸ್ಟಿನ ಮೇಲೆ, 19,600 ಅಡಿ ಎತ್ತರದಲ್ಲಿ, ಫೆಬ್ರುವರಿ 3ರಂದು ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ 10 ಜನ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆಯ ಮಹೇಶ್, ಕುಂದಗೋಳ ತಾಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಬದುಕಿ ಉಳಿದಿರುವ ಆಸೆ ತೀರಾ ಕಡಿಮೆ ಎಂದು ಸೇನೆ ಹೇಳಿತು. ದೇಶದ ದೊಡ್ಡವರು ಸಂತಾಪ ಸೂಚಿಸಿದರು. ನಮ್ಮ ಮಾಜಿ ಸೈನಿಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹತ್ತೂ ಜನರ ಫೋಟೊಗಳಿಗೆ ಹೂವಿನ ಹಾರ ಬಿದ್ದಿತ್ತು. ಆರನೇ ದಿನ ಹತ್ತಾರು ಅಡಿ ಹಿಮ ಕೊರೆದು ನೋಡಿದರೆ ಹನುಮಂತಪ್ಪ ಉಸಿರಾಡುತ್ತಿದ್ದ. ಹಾರ ಹಾಕಿದ ಅದೇ ಫೋಟೊ ಮತ್ತೆ ಬಂತು, ಈ ಸಲ ಪ್ರಾರ್ಥನೆಯ ಜೊತೆ. ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವನು ತೀರಿಕೊಂಡಾಗ ಹಾರ ಮೂರನೆಯ ಸಲ ಬಂತು. ಅಷ್ಟು ದಿನಗಳಲ್ಲಿ ಬೆಟದೂರಿನ ಆ ಮನೆಯವರು ಅವನನ್ನು ಎಷ್ಟು ಸಲ ಕಳೆದುಕೊಂಡರು ಎಂದು ಯೋಚಿಸಿದರೆ ಇವತ್ತಿಗೂ ಎದೆ ಭಾರವಾಗುತ್ತದೆ. ಅಲ್ಲಿ ಯಾರ ತಪ್ಪೂ ಇರಲಿಲ್ಲ. ಹಿಮದಡಿಯ ಸತ್ಯ ಹೊರಬರಲು ಅಷ್ಟು ದಿನ ಹಿಡಿಯಿತು. ಆದರೆ ನಮ್ಮ ಬೆರಳುಗಳಿಗೆ ಅಷ್ಟು ದಿನ ಕಾಯುವ ತಾಳ್ಮೆ ಇರಲಿಲ್ಲ.

ಅದಾದ ಕೆಲವು ವರ್ಷಗಳ ಮೇಲೆ ಮುದ್ದೇಬಿಹಾಳ ಕಡೆಯ ಒಂದು ಊರಿನಿಂದ ನನಗೆ ಫೋನ್ ಬಂತು. ಊರ ಹೆಸರಾಗಲಿ ಹುಡುಗನ ಹೆಸರಾಗಲಿ ಇಲ್ಲಿ ಬೇಡ. ತೊಗರಿ ರಾಶಿಯ ದಿನಗಳು. ಫೋನ್ ಮಾಡಿದವರು ಹುಡುಗನ ಸೋದರಮಾವ. “ಕಾಕಾ, ನಮ್ಮ ಹುಡುಗ ಹೋದನಂತ. ಮನಿ ಮುಂದ ಮಂದಿ ಕೂಡ್ಯಾರ. ಮಿಲ್ಟ್ರಿಯವ್ರು ಇನ್ನೂ ಫೋನ್ ಮಾಡಿಲ್ಲ. ನೀವು ಬರ್ರಿ.” ನಾನು ಬೈಕ್ ಹತ್ತಿದೆ. ಹೂವಿನ ಹಿಪ್ಪರಗಿ ದಾಟುವಾಗಲೇ ನನ್ನ ಮೊಬೈಲಿಗೂ ಅದು ಬಂದಿತ್ತು. ಸಣ್ಣ ವಿಡಿಯೊ. ಹುಡುಗ ಕಂಬಳಿ ಹೊದ್ದು ಅಂಗಾತ ಮಲಗಿದ್ದಾನೆ, ಕಣ್ಣು ಮುಚ್ಚಿದೆ, ಕೊರಳಲ್ಲಿ ಹಾರ, ಸುತ್ತ ನಾಲ್ಕು ಜೊತೆ ಬೂಟು. ಹಿಂದೆ ಅಳುವ ಸಂಗೀತ, ಮೇಲೆ ‘ಓಂ ಶಾಂತಿ’.

ನಾನು ಗಾಡಿ ನಿಲ್ಲಿಸಿ ಅದನ್ನು ಮತ್ತೆ ಮತ್ತೆ ನೋಡಿದೆ. ಹಾರ ಹೂವಿನದಾಗಿರಲಿಲ್ಲ. ಬಿಸ್ಕೀಟು ಪೊಟ್ಟಣದ ಹಳದಿ ಹಾಳೆಗಳನ್ನು ದಾರಕ್ಕೆ ಪೋಣಿಸಿದ್ದರು. ಸಣ್ಣ ಪರದೆಯಲ್ಲಿ ಅದು ಚೆಂಡುಹೂವಿನಂತೆ ಕಾಣುತ್ತಿತ್ತು. ನನಗೆ ತಿಳಿದುಹೋಯಿತು. ಇದು ಫ್ಲೆಕ್ಸ್ ಫೋಟೊದ ಜೋಕು, ನಾಟಕವಾಗಿ ಬೆಳೆದದ್ದು. ನಮ್ಮ ಕಾಲದಲ್ಲಿ ಬಾಯಲ್ಲಿ ಇದ್ದದ್ದನ್ನು ಈ ಹುಡುಗರು ಆಡಿ ತೋರಿಸಿದ್ದರು. ಸಮಾಧಾನವಾಯಿತೇ? ಅರ್ಧ. ವಿಡಿಯೊ ನಾಟಕವಾದರೂ ಅದನ್ನು ಮಾಡಿದ್ದು ಯಾವಾಗ, ಇವತ್ತು ಹುಡುಗ ಹೇಗಿದ್ದಾನೆ ಎಂದು ಯಾರಿಗೆ ಗೊತ್ತು?

ಊರ ಅಗಸಿಯ ಹತ್ತಿರ ಹುಡುಗರು ಬಿದಿರು ಕಟ್ಟುತ್ತಿದ್ದರು. ಫ್ಲೆಕ್ಸ್ ಅಚ್ಚಿಗೆ ಹೋಗಿತ್ತು. ಮನೆಯ ಅಂಗಳದಲ್ಲಿ ಹೆಂಗಸರ ನಡುವೆ ಹುಡುಗನ ತಾಯಿ ಕೂತಿದ್ದರು. ಅವರು ಅಳುತ್ತಿರಲಿಲ್ಲ. ನನ್ನನ್ನು ನೋಡಿ, “ಅಣ್ಣಾರ, ಅವನ ಮುಖದಾಗ ನೋವು ಇಲ್ರೀ. ನಾ ನೋಡೀನಿ. ಮಲಗಿದಂಗ ಅದಾನ,” ಎಂದರು. ಆ ವಿಡಿಯೊವನ್ನು ಯಾರೋ ಅವರ ಕೈಗೇ ಕೊಟ್ಟು ತೋರಿಸಿದ್ದರು. ನಾಟಕವೆಂದು ಅವರಿಗೆ ಹೇಳಲು ಬಾಯಿ ತೆರೆದು ಸುಮ್ಮನಾದೆ. ಗಟ್ಟಿ ಸುದ್ದಿ ಕೈಗೆ ಬರುವವರೆಗೆ ಆಸೆ ಕೊಡುವುದು ಕೂಡ ಕ್ರೂರವೇ. ಪಲ್ಟನ್ನಿನಲ್ಲಿ ಗೊತ್ತಿದ್ದ ಒಬ್ಬ ಸುಬೇದಾರ್ ಸಾಹೇಬರಿಗೆ, ಅವರಿಂದ ಇನ್ನೊಬ್ಬರಿಗೆ, ಹೀಗೆ ಫೋನ್ ಹಚ್ಚುತ್ತ ಹೋದೆ. ಮೇಲಿನ ಪೋಸ್ಟಿಗೆ ಟವರ್ ಇಲ್ಲ. ರೇಡಿಯೊದಲ್ಲಿ ಕೇಳಿ ಕೆಳಗಿನವರು ತಿಳಿಸಬೇಕು. ಮಧ್ಯಾಹ್ನ ಕಳೆಯಿತು. ಹುಡುಗನ ಅಪ್ಪ ಕಣದಲ್ಲಿದ್ದ ತೊಗರಿ ರಾಶಿಯನ್ನು ಹಾಗೇ ಬಿಟ್ಟು ಬಂದು ಗೋಡೆಗೆ ಒರಗಿ ನಿಂತವರು ಕೂರಲೇ ಇಲ್ಲ. ಸಂಜೆ ಹೊತ್ತಿಗೆ ಉತ್ತರ ಬಂತು: ಹುಡುಗ ಕ್ಷೇಮ, ಕಾವಲಿನಲ್ಲಿದ್ದಾನೆ. ತಾಯಿ ನಂಬಲಿಲ್ಲ. ಅವರ ಮಟ್ಟಿಗೆ ಕಣ್ಣಾರೆ ಕಂಡದ್ದು ನಿಜ, ಕಿವಿಗೆ ಬಿದ್ದದ್ದು ಸಮಾಧಾನದ ಮಾತು. ಮರುದಿನ ಅವನನ್ನು ಫೋನ್ ಸಿಗುವ ಕಡೆಗೆ ಇಳಿಸಿ ಮಾತಾಡಿಸಿದ ಮೇಲೆಯೇ ಅವರು ಮೊದಲ ಸಲ ಅತ್ತರು. ಅದಾದ ಮೇಲೆ ಬಹಳ ಕಾಲ ಮಗನ ಫೋನ್ ಬಂದರೆ, ಹೆಸರು ಹೇಳಿದರೂ ಸಾಲದು, ಮನೆಯ ಎತ್ತಿನ ಹೆಸರು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಆಗಿದ್ದು ಇಷ್ಟು. ಆ ಹುಡುಗರು ಹಿಂದಿನ ಚಳಿಗಾಲದಲ್ಲಿ, ಹಿಮ ಬಿದ್ದು ಏನೂ ಮಾಡಲಾಗದ ಒಂದು ವಾರದಲ್ಲಿ, ‘ನಮ್ಮೂರಿಗೆ ಪೆಟ್ಟಿಗೆ ಬಂತು’ ಎಂಬ ಆಟ ಆಡಿದ್ದರು. ಒಬ್ಬ ಹೆಣ. ಒಬ್ಬ ಮೈಕ್ ಹಿಡಿದ ಪುಢಾರಿ, ಹುತಾತ್ಮನ ಹೆಸರು ತಪ್ಪಾಗಿ ಹೇಳಿ ಹಿಂದಿನವನನ್ನು ಕೇಳಿ ತಿದ್ದಿಕೊಳ್ಳುತ್ತಾನೆ. ಒಬ್ಬ ಶಾಲೆ ಮಾಸ್ತರ, ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸುತ್ತಾನೆ. ಒಬ್ಬ ಟಿವಿಯವನು, ಹೆಣದ ಅವ್ವನಾದವನ ಬಾಯಿಗೆ ಚಮಚ ಹಿಡಿದು ಕೇಳುತ್ತಾನೆ, “ಅಮ್ಮಾ, ನಿಮಗೆ ಹೇಗನಿಸುತ್ತಿದೆ?” ಒಬ್ಬ ಸಾಹೇಬ, ಮನೆ ಜಾಗ ಕೊಡುತ್ತೇವೆಂದು ಹೇಳಿ ಯಾವ ಜಾಗವೆಂದು ಹೇಳದೆ ಕಾರು ಹತ್ತುತ್ತಾನೆ. ಕೊನೆಗೆ ಹೆಣ ಎದ್ದು, “ನನ್ನ ಫ್ಲೆಕ್ಸ್ ಎಲ್ಲಿ ಕಟ್ಟೀರಿ? ನಾಕು ದಿನಕ್ಕ ಅದರ ಮ್ಯಾಲ ಬರ್ತ್‌ಡೇ ಫ್ಲೆಕ್ಸ್ ಕಟ್ಟಬ್ಯಾಡ್ರಿ,” ಎನ್ನುತ್ತದೆ. ಪೂರ್ತಿ ವಿಡಿಯೊವನ್ನು ಆಮೇಲೆ ನಾನು ನೋಡಿದೆ. ಅದು ಸಾವಿನ ಗೇಲಿಯಾಗಿರಲಿಲ್ಲ, ಸೈನ್ಯದ್ದಂತೂ ಅಲ್ಲವೇ ಅಲ್ಲ. ನಮ್ಮೂರುಗಳಲ್ಲಿ ಸೈನಿಕ ಸತ್ತಾಗ ಏನು ನಡೆಯುತ್ತದೆ ಎಂಬುದನ್ನು ಆ ಹುಡುಗರು ಗೋಣು ಎತ್ತಿ ನೋಡಿದ್ದರು, ಒಂದನ್ನೂ ಬಿಡದೆ. ಅವರ ನಗೆಯ ಗುರಿ ನಾವಾಗಿದ್ದೆವು. ಅದನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ, ನಾಚಿಕೆ ಬಂತು.

ಅವರಲ್ಲೊಬ್ಬ ಛುಟ್ಟಿಗೆ ಇಳಿದಾಗ ವಿಡಿಯೊವನ್ನು ಗೆಳೆಯರ ಗುಂಪಿಗೆ ಕಳಿಸಿದ. ಅಲ್ಲಿಂದ ಅದು ಇನ್ನೊಂದಕ್ಕೆ ಹೋಯಿತು. ತಿಂಗಳುಗಳ ಮೇಲೆ ಯಾರೋ ಪುಢಾರಿಯ ಭಾಷಣ, ಚಮಚದ ಮೈಕು ಎಲ್ಲ ಕತ್ತರಿಸಿ, ಮಲಗಿದ ಹುಡುಗನನ್ನಷ್ಟೇ ಉಳಿಸಿದರು. ಬೇಕೆಂದೇ ಮಾಡಿದರೋ ಸ್ಟೇಟಸ್ಸಿಗೆ ಉದ್ದವಾಯಿತೆಂದು ಮಾಡಿದರೋ. ಅದಕ್ಕೆ ‘ಓಂ ಶಾಂತಿ’ ಬರೆದವರು ಒಳ್ಳೆಯ ಮನಸ್ಸಿನವರೇ ಇದ್ದಾರು. ಅಷ್ಟು ಮಂದಿಯಲ್ಲಿ ಒಬ್ಬರಾದರೂ ಆ ಮನೆಗೆ ಫೋನ್ ಮಾಡಿ ಕೇಳಿದ್ದರೆ ಅಗಸಿಯಲ್ಲಿ ಬಿದಿರು ಏಳುತ್ತಿರಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ, ಹುಡುಗರ ಮೇಲಲ್ಲ.

ಪಲ್ಟನ್ನಿನಲ್ಲಿ ವಿಚಾರಣೆಯಾಯಿತು, ಆಗಲೇಬೇಕಿತ್ತು. ಪೂರ್ತಿ ವಿಡಿಯೊದಲ್ಲಿ ಹೆಣ ಎದ್ದು ಕೂರುವಾಗ ಕ್ಯಾಮೆರಾ ಒಂದು ಸುತ್ತು ತಿರುಗುತ್ತದೆ. ಎದುರಿನ ಏಣು, ಕಂಬ, ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಅಂಕಿ ಎಲ್ಲ ಅದರಲ್ಲಿ ಸಿಗುತ್ತವೆ. ನಗುವವನಿಗೆ ಅದು ಕಾಣುವುದಿಲ್ಲ, ಹುಡುಕುವವನಿಗೆ ಅದೇ ಕಾಣುತ್ತದೆ. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ಓಟದ ಆ್ಯಪಿನ ನಕ್ಷೆಯಲ್ಲಿ ಮರುಭೂಮಿಗಳ ನಡುವೆ ಬೆಳಕಿನ ಗೆರೆಗಳು ಕಂಡವು. ಅಮೆರಿಕದ ಸೈನಿಕರು ತಮ್ಮ ಶಿಬಿರದ ಸುತ್ತ ಬೆಳಿಗ್ಗೆ ಓಡಿದ ದಾರಿ ಅದು. ಅವರು ಯಾವ ಗುಟ್ಟನ್ನೂ ಬರೆದಿರಲಿಲ್ಲ, ಓಡಿದ್ದರು ಅಷ್ಟೆ. 2019ರ ಡಿಸೆಂಬರಿನಲ್ಲಿ ಆಂಧ್ರದ ಪೊಲೀಸರು ಸಾಮಾಜಿಕ ಜಾಲತಾಣದ ಗೆಳೆತನದ ಬಲೆಗೆ ಬಿದ್ದ ನೌಕಾಪಡೆಯ 7 ಜನರನ್ನು ಹಿಡಿದರು, ನಮ್ಮ ಕಾರವಾರದಲ್ಲಿದ್ದವರೂ ಅದರಲ್ಲಿ ಸೇರಿದ್ದರು. ಅದೇ ತಿಂಗಳು ಹಡಗು, ನೆಲೆಗಳಲ್ಲಿ ಸ್ಮಾರ್ಟ್‌ಫೋನಿಗೆ ನೌಕಾಪಡೆ ನಿಷೇಧ ಹಾಕಿತು. 2020ರ ಜುಲೈಯಲ್ಲಿ ಭೂಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಅಳಿಸಿಹಾಕಲು ಹೇಳಿತು. ಒಬ್ಬ ಲೆಫ್ಟಿನೆಂಟ್ ಕರ್ನಲ್ ದಿಲ್ಲಿ ಹೈಕೋರ್ಟಿಗೆ ಹೋದರೂ ಪರಿಹಾರ ಸಿಗಲಿಲ್ಲ. ಸೇನೆಯ ವಿಷಯವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂಬ ಕಟ್ಟಳೆ 1954ರ ಸೇನಾ ನಿಯಮಗಳಲ್ಲೇ ಇದೆ. ಆಗ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಪತ್ರಿಕೆ.

ವಿಡಿಯೊ ಕಳಿಸಿದವನ ಹೆಸರಿಗೆ ರೆಡ್ ಇಂಕ್ ಎಂಟ್ರಿ ಬಿತ್ತು. ಪಲ್ಟನ್ನಿನವರಿಗೆ ಅದರ ಅರ್ಥ ಗೊತ್ತು, ಬಡ್ತಿಯ ಹೊತ್ತಿಗೆ ಆ ಕೆಂಪು ಅಕ್ಷರ ಎದುರು ಬಂದು ನಿಲ್ಲುತ್ತದೆ. ಶಿಕ್ಷೆ ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಶಿಕ್ಷೆ ಕಳಿಸಿದ್ದಕ್ಕೆ ಇರಲಿ, ನಕ್ಕಿದ್ದಕ್ಕೆ ಅಲ್ಲ. 2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ತೇಜ್ ಬಹಾದ್ದೂರ್ ಯಾದವ್ ನೀರು ನೀರಾದ ದಾಲಿನ ವಿಡಿಯೊ ಹಾಕಿ, ಆ ಏಪ್ರಿಲ್‌ನಲ್ಲಿ ನೌಕರಿ ಕಳೆದುಕೊಂಡ. ಅದು ದೂರು. ದೂರು ಕೊಡುವವನಿಗೆ ಜಗತ್ತು ಕೇಳಬೇಕು ಎಂಬ ಆಸೆ ಇರುತ್ತದೆ. ನಗುವವನಿಗೆ ಹಾಗಿಲ್ಲ, ಅವನಿಗೆ ಪಕ್ಕದವನು ಕೇಳಿದರೆ ಸಾಕು. ಇವೆರಡನ್ನೂ ಒಂದೇ ಕಟ್ಟಿಗೆ ಕಟ್ಟಿ ಬಾಯಿ ಮುಚ್ಚಿಸಿದರೆ, ಆ ಎತ್ತರದಲ್ಲಿ ರಾತ್ರಿ ಕಳೆಯುವುದು ಹೇಗೆ? ಬುಖಾರಿಯಷ್ಟೇ ಅಗತ್ಯದ ವಸ್ತು ಆ ನಗು. ಹೀಗೆ ಹೇಳುವಾಗ ನನಗೆ ಎರಡನೆಯ ಯೋಚನೆಯೇ ಇಲ್ಲ.

ಇನ್ನೊಂದು ಭಯವೂ ನನ್ನಲ್ಲಿದೆ, ಅದು ಗಡಿಯದಲ್ಲ, ನಮ್ಮ ಜಿಲ್ಲೆಯದೇ. ಪುಲ್ವಾಮಾದಲ್ಲಿ 40 ಯೋಧರು ಸತ್ತ ಮೇಲಿನ ಆ ಬಿಸಿಯಲ್ಲಿ, 2019ರ ಮಾರ್ಚ್ ತಿಂಗಳು, ವಿಜಯಪುರದ ಕಾಲೇಜೊಂದರಲ್ಲಿ ಉಪನ್ಯಾಸಕರೊಬ್ಬರನ್ನು ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕಾಗಿ ಗುಂಪು ಮೊಣಕಾಲೂರಿಸಿ ಕ್ಷಮೆ ಕೇಳಿಸಿತು. ಅವರು ಬರೆದದ್ದು ನಮ್ಮ ಜೋಕಿನಂಥದ್ದಲ್ಲ, ಅದರ ಸರಿ ತಪ್ಪಿನ ಮಾತು ಬೇರೆ. ಅದೆಲ್ಲ ಸೈನಿಕರ ಮರ್ಯಾದೆಗಾಗಿ ಎಂದು ಹೇಳಿದ್ದನ್ನು ಕೇಳಿದಾಗ ನನಗೆ ನೆನಪಾದದ್ದು ಬೋರಿನ ಮಾತಾಡುತ್ತಿದ್ದ ನನ್ನ ಬಾಗೇವಾಡಿ ಗೆಳೆಯ. ಹೆಸರಿಲ್ಲದೆ, ಸಮವಸ್ತ್ರವಿಲ್ಲದೆ, ಅವನ ಆ ಮಾತನ್ನಷ್ಟೇ ಬರೆದು ಹಾಕಿದ್ದರೆ ಅವತ್ತು ಅವನನ್ನೂ ಮೊಣಕಾಲೂರಿಸುತ್ತಿದ್ದರು. ಫ್ಲೆಕ್ಸಿನಲ್ಲಿರುವ ಸೈನಿಕ ನಗುವುದಿಲ್ಲ, ಸಾಲ ಮಾಡುವುದಿಲ್ಲ, ಅಂಜುವುದಿಲ್ಲ. ಅವನನ್ನು ಪೂಜಿಸುವವರಿಗೆ ಪೋಸ್ಟಿನಲ್ಲಿರುವ ಸೈನಿಕನ ಪರಿಚಯ ಇಲ್ಲ.

ಹುಡುಗ ಮುಂದಿನ ಛುಟ್ಟಿಗೆ ಬಂದಾಗ ಅವರ ಮನೆಯಿಂದ ಊಟಕ್ಕೆ ಕರೆ ಬಂತು. ನಾನೂ ತಾಳಿಕೋಟಿ ಕಡೆಯ ಒಬ್ಬ ಮಾಜಿ ಹವಾಲ್ದಾರರೂ ಹೋದೆವು. ಹುಡುಗ ತಲೆ ತಗ್ಗಿಸಿಯೇ ಇದ್ದ. ಬಿಳಿಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಯಾರೂ ಆ ವಿಷಯ ಎತ್ತಲಿಲ್ಲ. ಉಂಡು ಕೈ ತೊಳೆದ ಮೇಲೆ ತಾಯಿಯೇ ಎತ್ತಿದರು. “ಆ ನಾಟಕ ಏನಿತ್ತೋ, ನನಗ ಪೂರ್ತಿ ತೋರ್ಸು.”

“ಫೋನಿನ್ಯಾಗ ಇಲ್ಲಬೇ. ತೆಗದ ಹಾಕಸ್ಯಾರ.”

“ಫೋನ್ ಯಾಕ ಬೇಕೋ? ಬಾಯಿ ಐತಿಲ್ಲ, ಮಾಡಿ ತೋರ್ಸು.”

ಅವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಮೊದಲು ಸಂಕೋಚದಿಂದ, ಆಮೇಲೆ ಬಿಸಿಯೇರಿ, ಪುಢಾರಿಯಾದ, ಮಾಸ್ತರನಾದ, ಕಾರು ಹತ್ತುವ ಸಾಹೇಬನಾದ. ಹವಾಲ್ದಾರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪ ಮುಖ ಆಚೆ ತಿರುಗಿಸಿದ್ದರೂ ಭುಜ ಕುಲುಕುತ್ತಿತ್ತು. ತಾಯಿ ಮಾತ್ರ ಪರೀಕ್ಷೆ ತೆಗೆದುಕೊಳ್ಳುವವರಂತೆ ನೋಡುತ್ತಿದ್ದರು. ಟಿವಿಯವನ ಸರದಿ ಬಂದು ಹುಡುಗ ಚಮಚ ಹಿಡಿದು, ಅವ್ವನ ದನಿಯಲ್ಲಿ ತಾನೇ ಅಳುತ್ತ ಉತ್ತರ ಹೇಳತೊಡಗಿದಾಗ ಅವರು ಕೈಯೆತ್ತಿ ತಡೆದರು.

“ಹಂಗ ಅಲ್ಲ. ನಾ ಹಂಗ ಅಳೂದಿಲ್ಲ ಅವರ ಮುಂದ. ಹೆಂಗ ಅನಸ್ತದ ಅಂತ ಕೇಳಿದ್ರ, ‘ಮೊದಲ ನೆಳ್ಳಿಗಿ ಕೂಡ್ರಿ, ನೀರ ಕುಡೀರಿ, ಆಮ್ಯಾಲ ನಿಮ್ಮವ್ವಗ ಫೋನ್ ಹಚ್ಚಿ ಕೇಳ್ರಿ,’ ಅಂತೀನಿ. ಮುಂದಿನ ಸಲ ಮಾಡೂವಾಗ ಹಿಂಗ ಮಾಡ್ರಿ.”